ಹನ್ನೆರಡನೆಯವನು ಬಂದ ಮೇಲೆ ಆರನೇ ಬೌಲರ್ ಎಲ್ಲಿ ಹೋದ?

ಐಪಿಎಲ್ ಪಂದ್ಯದ ಟಾಸ್ ಮುಗಿದು ತಂಡಗಳ ಪಟ್ಟಿ ಪರದೆ ಮೇಲೆ ಬಂದಾಗ ಹನ್ನೊಂದು ಹೆಸರುಗಳ ಕೆಳಗೆ ಇನ್ನೈದು ಹೆಸರು ಕಾಣುತ್ತವೆ. ಮೊದಲು ಬ್ಯಾಟಿಂಗ್ ಮಾಡುವ ತಂಡದ ಹನ್ನೊಂದರಲ್ಲಿ ಏಳು ಬ್ಯಾಟರ್, ನಾಲ್ಕು ಬೌಲರ್ ಇದ್ದು, ಕೆಳಗಿನ ಐದರಲ್ಲಿ ಒಬ್ಬ ಒಳ್ಳೆಯ ಬೌಲರ್ ಹೆಸರಿದ್ದರೆ ಮುಂದೆ ಏನಾಗುತ್ತದೆ ಎಂದು ಹೇಳಲು ಜ್ಯೋತಿಷ್ಯ ಗೊತ್ತಿರಬೇಕಿಲ್ಲ. ಇನಿಂಗ್ಸ್ ಮುಗಿಯುತ್ತಿದ್ದಂತೆ ಬೌಲಿಂಗ್ ಮಾಡದ ಒಬ್ಬ ಬ್ಯಾಟರ್ ಡಗ್‌ಔಟ್ ಸೇರುತ್ತಾನೆ, ಆ ಬೌಲರ್ ಮೈದಾನಕ್ಕಿಳಿಯುತ್ತಾನೆ. ಎದುರು ತಂಡ ಮೊದಲು ಬೌಲಿಂಗ್ ಮಾಡಿದ್ದರೆ ಅದೇ ಲೆಕ್ಕ ತಿರುಗಾಮುರುಗಾ. ಆರು ಬ್ಯಾಟರ್, ಐದು ಬೌಲರ್‌ಗಳೊಂದಿಗೆ ಶುರು ಮಾಡಿ, ನಾಲ್ಕು ಓವರ್ ಮುಗಿಸಿದ ಒಬ್ಬ ಬೌಲರ್‌ನನ್ನು ಕೂರಿಸಿ ಏಳನೇ ಬ್ಯಾಟರ್ ತರುತ್ತಾರೆ.

ಇದಕ್ಕೆ ಇಂಪ್ಯಾಕ್ಟ್ ಪ್ಲೇಯರ್ ಎಂದು ಹೆಸರಿಟ್ಟು, ತಂತ್ರಗಾರಿಕೆಗೆ ಹೊಸ ಆಯಾಮ ಎಂದು ಹೇಳಿ 2023ರಲ್ಲಿ ಐಪಿಎಲ್‌ಗೆ ತಂದರು. 2027ರ ಋತುವಿನವರೆಗೂ ಇದು ಇರುತ್ತದೆ ಎಂದು ತೀರ್ಮಾನವಾಗಿದೆ. ಈ ನಿಯಮದ ವಿರುದ್ಧ ಹೆಚ್ಚಾಗಿ ಕೇಳಿಬರುವ ದೂರು, ರನ್ ವಿಪರೀತ ಆಗುತ್ತಿದೆ ಎಂಬುದು. ನನ್ನ ತಕರಾರು ಬೇರೆ. ರನ್ ಬರಲಿ, ಬೇಡ ಎಂದವರು ಯಾರು? ಆದರೆ ತಂತ್ರಗಾರಿಕೆಗಾಗಿ ತಂದ ನಿಯಮ ನಾಯಕನ ಕೈಯಿಂದಲೇ ತಂತ್ರವನ್ನು ಕಸಿದುಕೊಂಡಿದೆ. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು, ಐದನೇ ಬೌಲರ್‌ನ ನಾಲ್ಕು ಓವರ್ ಎಲ್ಲಿಂದ ತರಬೇಕು ಎಂಬ ತಲೆಬಿಸಿಯೇ ಟಿ20 ನಾಯಕತ್ವದ ಜೀವಾಳವಾಗಿತ್ತು. ಆ ತಲೆಬಿಸಿ ಈಗಿಲ್ಲ.

ನಿಯಮದ ಒಳಸುಳಿಗಳು ಪಂದ್ಯ ನೋಡುವವರಲ್ಲೂ ಎಷ್ಟೋ ಜನರಿಗೆ ಪೂರ್ತಿ ಗೊತ್ತಿಲ್ಲ, ಹಾಗಾಗಿ ಮೊದಲು ಅದನ್ನು ಬಿಡಿಸಿ ಹೇಳುತ್ತೇನೆ. ಟಾಸ್ ಮುಗಿದ ಕೂಡಲೇ ತಂಡ ಹನ್ನೊಂದು ಆಟಗಾರರ ಜೊತೆ ಐವರು ಬದಲಿಗಳ ಹೆಸರು ಕೊಡಬೇಕು. ಆ ಐವರಲ್ಲಿ ಒಬ್ಬನನ್ನು ಮಾತ್ರ, ಒಂದೇ ಒಂದು ಸಲ ಇಳಿಸಬಹುದು. ಇಳಿಸಲೇಬೇಕು ಎಂಬ ಕಡ್ಡಾಯವಿಲ್ಲ. ಇನಿಂಗ್ಸ್ ಶುರುವಾಗುವ ಮುನ್ನ, ಓವರ್ ಮುಗಿದಾಗ, ವಿಕೆಟ್ ಬಿದ್ದಾಗ ಅಥವಾ ಬ್ಯಾಟರ್ ನಿವೃತ್ತನಾದಾಗ ಬದಲಾವಣೆ ಮಾಡಬಹುದು. ತಂಡದ ಕಡೆಯಿಂದ ನಾಲ್ಕನೇ ಅಂಪೈರ್‌ಗೆ ತಿಳಿಸಿದ ಮೇಲೆ ಮೈದಾನದ ಅಂಪೈರ್ ತಲೆಯ ಮೇಲೆ ಎರಡೂ ಕೈಗಳನ್ನು ಅಡ್ಡಡ್ಡ ಹಿಡಿದು ಸಂಜ್ಞೆ ಮಾಡುತ್ತಾರೆ. ಹೊರಹೋದವನ ಪಂದ್ಯ ಅಲ್ಲಿಗೆ ಮುಗಿಯಿತು, ಬದಲಿ ಫೀಲ್ಡರ್ ಆಗಿಯೂ ಅವನು ಮರಳುವಂತಿಲ್ಲ. ಓವರ್ ನಡುವೆ ವಿಕೆಟ್ ಬಿದ್ದಾಗ ಬೌಲಿಂಗ್ ತಂಡ ಹೊಸಬನನ್ನು ಕರೆಸಿಕೊಂಡರೆ, ಆ ಓವರ್‌ನ ಉಳಿದ ಎಸೆತಗಳನ್ನು ಅವನು ಹಾಕುವಂತಿಲ್ಲ. ಹನ್ನೊಂದರಲ್ಲಿ ಈಗಾಗಲೇ ನಾಲ್ವರು ವಿದೇಶಿಯರಿದ್ದರೆ ಬರುವವನು ಭಾರತೀಯನೇ ಆಗಿರಬೇಕು. ವಿದೇಶಿಯನನ್ನು ಇಂಪ್ಯಾಕ್ಟ್ ಆಗಿ ತರಬೇಕೆಂದರೆ ಮೂವರಿಗಿಂತ ಹೆಚ್ಚು ವಿದೇಶಿಯರಿಲ್ಲದೆ ಆಟ ಆರಂಭಿಸಿರಬೇಕು. ಬಂದವನು ನಾಯಕತ್ವ ವಹಿಸುವಂತಿಲ್ಲ. ಮಳೆಯಿಂದಾಗಿ ಪಂದ್ಯ ಆರಂಭಕ್ಕೆ ಮೊದಲೇ ತಲಾ ಹತ್ತು ಓವರ್‌ಗಿಂತ ಕಡಿಮೆಗೆ ಇಳಿದರೆ ಈ ಸೌಲಭ್ಯವೇ ಇಲ್ಲ.

ಇಷ್ಟರಲ್ಲಿ ಆಟವನ್ನೇ ಬದಲಿಸಿದ್ದು ಎರಡು ಸಾಲು. ಮೊದಲನೆಯದು, ಬಂದ ಬೌಲರ್‌ಗೆ ಪೂರ್ತಿ ನಾಲ್ಕು ಓವರ್ ಸಿಗುತ್ತದೆ, ಹೊರಹೋದವನು ಎಷ್ಟೇ ಓವರ್ ಹಾಕಿದ್ದರೂ ಸರಿ. ಎರಡನೆಯದು, ಬಂದ ಬ್ಯಾಟರ್ ಪೂರ್ತಿ ಬ್ಯಾಟಿಂಗ್ ಮಾಡಬಹುದು, ಹೊರಹೋದವನು ಆಗಲೇ ಔಟಾಗಿದ್ದರೂ ಸರಿ. ಒಟ್ಟು ಹನ್ನೊಂದೇ ಜನ ಬ್ಯಾಟ್ ಹಿಡಿಯಬೇಕು ಎಂಬುದೊಂದೇ ಮಿತಿ. ಅಂದರೆ ಹೊರಹೋಗುವವನು ತನ್ನ ಕೆಲಸ ಪೂರ್ತಿ ಮುಗಿಸಿ ಹೋಗಬಹುದು, ಬರುವವನು ತನ್ನ ಕೆಲಸವನ್ನು ಮೊದಲಿಂದ ಶುರು ಮಾಡಬಹುದು. ಇದು ಬದಲಿ ಆಟಗಾರನ ನಿಯಮ ಅಲ್ಲ, ಹನ್ನೆರಡು ಜನರ ಕ್ರಿಕೆಟ್.

ಅದೇ 2023ರಲ್ಲಿ ಇನ್ನೊಂದು ಬದಲಾವಣೆಯೂ ಬಂತು, ಅದರ ಬಗ್ಗೆ ಚರ್ಚೆ ಕಡಿಮೆ. ಅಲ್ಲಿಯವರೆಗೆ ಟಾಸ್‌ಗೆ ಮುನ್ನವೇ ಹನ್ನೊಂದರ ಪಟ್ಟಿ ವಿನಿಮಯ ಆಗಬೇಕಿತ್ತು. ಈಗ ಟಾಸ್ ಆದ ಮೇಲೆ ಕೊಟ್ಟರಾಯಿತು. ನಾಯಕರು ಎರಡು ಪಟ್ಟಿ ಇಟ್ಟುಕೊಂಡೇ ಟಾಸ್‌ಗೆ ಬರುತ್ತಾರೆ, ಬ್ಯಾಟಿಂಗ್ ಮೊದಲಾದರೆ ಒಂದು, ಬೌಲಿಂಗ್ ಮೊದಲಾದರೆ ಇನ್ನೊಂದು. ಇವೆರಡೂ ನಿಯಮ ಒಟ್ಟಿಗೆ ಸೇರಿದಾಗಲೇ ಕೆಟ್ಟಿದ್ದು. ಇಂಪ್ಯಾಕ್ಟ್ ಪ್ಲೇಯರ್ ಒಂದೇ ಇದ್ದಿದ್ದರೆ ಟಾಸ್ ಸೋತ ತಂಡ ತಪ್ಪು ಹನ್ನೊಂದರೊಂದಿಗೆ ಸಿಕ್ಕಿಬಿದ್ದು ಒದ್ದಾಡಬೇಕಾಗುತ್ತಿತ್ತು. ಎರಡೂ ಇರುವುದರಿಂದ ಯಾರೂ ಯಾವುದಕ್ಕೂ ಸಿಕ್ಕಿಬೀಳುವುದಿಲ್ಲ. ಬದಲಾವಣೆಯ ತೀರ್ಮಾನ ಹಿಂದಿನ ದಿನ ಹೋಟೆಲ್‌ನ ಸಭೆಯಲ್ಲೇ ಮುಗಿದಿರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಟಾಸ್ ನಂತರ ಪಟ್ಟಿ ಕೊಡುವ ವ್ಯವಸ್ಥೆಗೆ ಕಾರಣವಿದೆ. 2005ರಲ್ಲಿ ಐಸಿಸಿ ಏಕದಿನ ಪಂದ್ಯಗಳಲ್ಲಿ ಸೂಪರ್‌ಸಬ್ ಪ್ರಯೋಗ ಮಾಡಿತ್ತು. ಆ ವರ್ಷ ಜುಲೈ 7ರಂದು ಹೆಡಿಂಗ್ಲೆಯಲ್ಲಿ ಇಂಗ್ಲೆಂಡ್ ಪರ ಸೈಮನ್ ಜೋನ್ಸ್ ಬದಲಿಗೆ ಬಂದ ವಿಕ್ರಮ್ ಸೋಲಂಕಿ ಮೊದಲ ಸೂಪರ್‌ಸಬ್. ಅಲ್ಲಿ ಬದಲಿಯ ಹೆಸರನ್ನು ಟಾಸ್‌ಗೆ ಮುನ್ನವೇ ಹೇಳಬೇಕಿತ್ತು. ಬೌಲರ್ ಹೆಸರು ಬರೆದುಕೊಟ್ಟು, ಟಾಸ್ ಸೋತು ಮೊದಲು ಬೌಲಿಂಗ್ ಮಾಡಬೇಕಾಗಿ ಬಂದರೆ ಆ ಬದಲಿ ಇದ್ದೂ ಇಲ್ಲದಂತೆ. ಟಾಸ್ ಗೆದ್ದವರಿಗೆ ಹನ್ನೆರಡು ಜನ, ಸೋತವರಿಗೆ ಹನ್ನೊಂದೇ ಜನ ಎಂಬಂತಾಗಿ, ಆ ಪ್ರಯೋಗ ಒಂದು ವರ್ಷವೂ ಬಾಳಲಿಲ್ಲ. ಐಪಿಎಲ್ ನಿಯಮ ಬರೆದವರು ಆ ತಪ್ಪನ್ನು ಸರಿಪಡಿಸಿದರು, ಸಂದೇಹವಿಲ್ಲ. ಆದರೆ ಟಾಸ್‌ನ ಅನ್ಯಾಯ ತೆಗೆಯುವ ಭರದಲ್ಲಿ ಆಯ್ಕೆಯ ಕಷ್ಟವನ್ನೂ ಕಿತ್ತೆಸೆದರು.

ಈ ನಿಯಮದ ಒಳ್ಳೆಯ ಮುಖವೂ ಕೆಟ್ಟ ಮುಖವೂ ಮೊದಲ ಪಂದ್ಯದಲ್ಲೇ ಕಂಡಿದ್ದವು. 2023ರ ಮಾರ್ಚ್ 31, ಅಹಮದಾಬಾದ್, ಚೆನ್ನೈ ಮತ್ತು ಗುಜರಾತ್. ಚೆನ್ನೈ ಮೊದಲು ಬ್ಯಾಟ್ ಮಾಡಿ, ಬ್ಯಾಟಿಂಗ್ ಮುಗಿಸಿದ್ದ ಅಂಬಟಿ ರಾಯುಡು ಜಾಗಕ್ಕೆ ವೇಗಿ ತುಷಾರ್ ದೇಶಪಾಂಡೆಯನ್ನು ತಂದಿತು. ಐಪಿಎಲ್‌ನ ಮೊದಲ ಇಂಪ್ಯಾಕ್ಟ್ ಪ್ಲೇಯರ್ ಅವರೇ. ಗುಜರಾತ್ ಕಡೆ ಬೌಂಡರಿ ಗೆರೆಯಲ್ಲಿ ಸಿಕ್ಸರ್ ತಡೆಯಲು ಹಾರಿದ ಕೇನ್ ವಿಲಿಯಮ್ಸನ್ ಮಂಡಿಗೆ ಪೆಟ್ಟಾಯಿತು, ಅವರ ಬದಲು ಸಾಯಿ ಸುದರ್ಶನ್ ಬಂದು 22 ರನ್ ಹೊಡೆದರು. ಎರಡನೆಯದು ನನಗೆ ಪೂರ್ತಿ ಒಪ್ಪಿಗೆ. ಗಾಯಾಳು ಹೊರಹೋದಾಗ ತಂಡ ಹತ್ತು ಜನರೊಂದಿಗೆ ಒದ್ದಾಡುವುದು ಯಾರಿಗೂ ಚೆಂದವಲ್ಲ. ಮೊದಲನೆಯದೇ ನಂತರದ ಎಲ್ಲ ಋತುಗಳ ದಿನಚರಿಯಾಯಿತು.

ಈಗ ರನ್ ವಿಚಾರ. ಅಂಕಿಅಂಶ ಹೀಗಿದೆ: 200 ಅಥವಾ ಹೆಚ್ಚಿನ ಮೊತ್ತ 2022ರಲ್ಲಿ 18 ಬಾರಿ ಬಂದರೆ, 2023ರಲ್ಲಿ 37, 2024ರಲ್ಲಿ 41, 2025ರಲ್ಲಿ 52. ಇದನ್ನು ತೋರಿಸಿ ನೋಡಿ ಇಂಪ್ಯಾಕ್ಟ್ ಪ್ಲೇಯರ್ ಮಹಿಮೆ ಎಂದು ಹೇಳುವುದು ಆತುರದ ಮಾತು. 2022ರ ಲೀಗ್ ಹಂತ ಪೂರ್ತಿ ನಡೆದದ್ದು ಮುಂಬೈನ ಮೂರು ಮೈದಾನ ಮತ್ತು ಪುಣೆಯಲ್ಲಿ, ಅಲ್ಲಿನ ಪಿಚ್‌ಗಳು ಋತು ಕಳೆದಂತೆ ಸವೆದವು. 2023ರಲ್ಲಿ ತಂಡಗಳು ತವರಿಗೆ ಮರಳಿದವು, ಚಿನ್ನಸ್ವಾಮಿಯಂಥ ಮೈದಾನಗಳು ಲೆಕ್ಕಕ್ಕೆ ಬಂದವು. ಹಾಗಾಗಿ ಆ ಒಂದು ವರ್ಷದ ಜಿಗಿತವನ್ನು ಪೂರ್ತಿ ನಿಯಮದ ಖಾತೆಗೆ ಬರೆಯಲಾಗದು. ಬ್ಯಾಟರ್‌ಗಳ ತಯಾರಿಯೂ ಬದಲಾಗಿದೆ. ಆದರೆ ಅಲ್ಲಿಂದ ಮುಂದೆಯೂ ಏರುತ್ತಲೇ ಹೋಗಿರುವುದಕ್ಕೆ ನಿಯಮ ದೊಡ್ಡ ಕಾರಣ ಎಂದೇ ನನ್ನ ವಾದ. ಅದು ಹೇಗೆ ಎಂಬುದು ಮುಖ್ಯ, ಯಾಕೆಂದರೆ ಮೇಲ್ನೋಟಕ್ಕೆ ಹಾಗಾಗಬಾರದು. ಒಬ್ಬ ಬ್ಯಾಟರ್ ಹೆಚ್ಚಾದಂತೆ ಒಬ್ಬ ಬೌಲರ್ ಕೂಡ ಹೆಚ್ಚಾದನಲ್ಲ? ಎರಡೂ ಸರಿದೂಗಬೇಕಿತ್ತಲ್ಲ?

ಸರಿದೂಗುವುದಿಲ್ಲ. ಟಿ20ಯಲ್ಲಿ ತಂಡದ ಬಳಿ 120 ಎಸೆತ, ಹತ್ತು ವಿಕೆಟ್. ಹನ್ನೆರಡು ಎಸೆತಕ್ಕೊಂದು ವಿಕೆಟ್ ಕಳೆದುಕೊಂಡರೂ ಓವರ್‌ಗಳು ಪೂರ್ತಿ ಆಗುತ್ತವೆ. ಆದರೆ ಆ ಹತ್ತೂ ವಿಕೆಟ್‌ಗಳ ಬೆಲೆ ಒಂದೇ ಅಲ್ಲ. ಏಳನೇ ಕ್ರಮಾಂಕದಲ್ಲಿ ಅರೆಬರೆ ಆಲ್‌ರೌಂಡರ್ ಇದ್ದಾನೆ, ಎಂಟರಿಂದ ಬೌಲರ್‌ಗಳು ಎಂದಾಗ, ಮೂರು ವಿಕೆಟ್ ಬೇಗ ಬಿದ್ದರೆ ನಾಲ್ಕು ಮತ್ತು ಐದನೇ ಕ್ರಮಾಂಕದವರು ಎರಡು ಓವರ್ ತಡೆದು ಆಡುತ್ತಿದ್ದರು. ಏಳರಲ್ಲಿ ಪರಿಪೂರ್ಣ ಬ್ಯಾಟರ್, ಎಂಟರಲ್ಲಿ ಸಿಕ್ಸರ್ ಹೊಡೆಯಬಲ್ಲ ಆಲ್‌ರೌಂಡರ್ ಕೂತಿದ್ದರೆ ತಡೆಯುವ ಅಗತ್ಯವೇ ಬೀಳುವುದಿಲ್ಲ. ಆ ಹೆಚ್ಚುವರಿ ಬ್ಯಾಟರ್ ಒಂದೂ ಎಸೆತ ಆಡದಿದ್ದರೂ, ಪ್ಯಾಡ್ ಕಟ್ಟಿ ಕೂತಿದ್ದಕ್ಕೇ ಮೇಲಿನ ಆರೂ ಜನರ ಆಟ ಬದಲಾಗುತ್ತದೆ. ಅವನ ಪರಿಣಾಮ ಸ್ಕೋರ್‌ಕಾರ್ಡ್‌ನಲ್ಲಿ ಅವನ ಹೆಸರಿನ ಮುಂದೆ ಕಾಣುವುದೇ ಇಲ್ಲ.

ಬೌಲರ್ ಕಡೆಯ ಲಾಭಕ್ಕೆ ಮಿತಿ ಇದೆ, ನಾಲ್ಕು ಓವರ್. ಐದನೇ ಪರಿಣತ ಬೌಲರ್ ಬಂದರೆ ಅವನು ತುಂಬುವುದು ಮೊದಲು ಆಲ್‌ರೌಂಡರ್‌ಗಳು ಹಂಚಿಕೊಳ್ಳುತ್ತಿದ್ದ ಆ ನಾಲ್ಕು ಓವರ್ ಮಾತ್ರ. ಓವರ್‌ಗೆ ಒಂದೋ ಎರಡೋ ರನ್ ಉಳಿದರೂ ಒಟ್ಟು ನಾಲ್ಕರಿಂದ ಎಂಟು ರನ್ ಉಳಿತಾಯ. ಉಳಿದ ನಾಲ್ವರು ಬೌಲರ್‌ಗಳು ಅವನು ಇದ್ದಾನೆಂದು ಹೆಚ್ಚು ಚೆನ್ನಾಗಿ ಬೌಲ್ ಮಾಡುವುದಿಲ್ಲವಲ್ಲ. ಬ್ಯಾಟರ್‌ಗಳು ಮಾತ್ರ ಹಿಂದೆ ಒಬ್ಬನಿದ್ದಾನೆ ಎಂಬ ಧೈರ್ಯದಿಂದ ಇಪ್ಪತ್ತೂ ಓವರ್ ಬೀಸುತ್ತಾರೆ. ಒಂದು ಕಡೆ ನಾಲ್ಕು ಓವರ್‌ಗೆ ಪರಿಣಾಮ, ಇನ್ನೊಂದು ಕಡೆ ಇಪ್ಪತ್ತು ಓವರ್‌ಗೆ. ತಕ್ಕಡಿ ವಾಲುವುದು ಅಲ್ಲೇ.

2024ರ ಏಪ್ರಿಲ್ 15ರ ರಾತ್ರಿ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 3 ವಿಕೆಟ್‌ಗೆ 287 ಹೊಡೆದದ್ದು, ಉತ್ತರವಾಗಿ ಆರ್‌ಸಿಬಿ 262 ಮಾಡಿಯೂ ಸೋತದ್ದು ನೆನಪಿರಬಹುದು. ಟ್ರಾವಿಸ್ ಹೆಡ್ 41 ಎಸೆತಗಳಲ್ಲಿ 102, ದಿನೇಶ್ ಕಾರ್ತಿಕ್ 35 ಎಸೆತಗಳಲ್ಲಿ 83. ಅದೇ ತಿಂಗಳ 26ರಂದು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತದ 261ನ್ನು ಪಂಜಾಬ್ ಬೆನ್ನಟ್ಟಿ ಗೆದ್ದಿತು. 2024ರ ಮಾರ್ಚ್ ತನಕ ಸುಮಾರು ಹನ್ನೊಂದು ವರ್ಷ ಐಪಿಎಲ್‌ನ ಗರಿಷ್ಠ ಮೊತ್ತ ಆರ್‌ಸಿಬಿಯ 263, 2013ರ ಏಪ್ರಿಲ್ 23ರಂದು ಪುಣೆ ವಾರಿಯರ್ಸ್ ವಿರುದ್ಧ. ಕ್ರಿಸ್ ಗೇಲ್ ಔಟಾಗದೆ 175 ಹೊಡೆದ ಪಂದ್ಯ. ಆ ಪಂದ್ಯದ ಇನ್ನೊಂದು ಸಂಗತಿಯನ್ನು ಜನ ಮರೆತೇಬಿಟ್ಟಿದ್ದಾರೆ. ಅಷ್ಟು ಹೊಡೆದ ಗೇಲ್ ಕೊನೆಗೆ ಒಂದು ಓವರ್ ಬೌಲಿಂಗ್ ಮಾಡಿ 5 ರನ್‌ಗೆ 2 ವಿಕೆಟ್ ಕೂಡ ಕಿತ್ತರು. ಈಗಿನ ಲೆಕ್ಕದಲ್ಲಿ ಗೇಲ್ ಬ್ಯಾಟಿಂಗ್ ಮುಗಿಸಿ ಡಗ್‌ಔಟ್‌ನಲ್ಲಿ ಕೂತಿರುತ್ತಿದ್ದರು.

ಪಾರ್ಟ್‌ಟೈಮ್ ಬೌಲರ್ ಎಂದರೆ ತಮಾಷೆಯ ವಸ್ತು ಅಲ್ಲ. 2009ರ ಐಪಿಎಲ್‌ನಲ್ಲಿ ಯುವರಾಜ್ ಸಿಂಗ್ ಎರಡು ಹ್ಯಾಟ್ರಿಕ್ ತೆಗೆದರು, ಅದರಲ್ಲೊಂದು ನಮ್ಮ ಆರ್‌ಸಿಬಿ ವಿರುದ್ಧವೇ. ಅದೇ ಋತುವಿನಲ್ಲಿ ಡೆಕ್ಕನ್ ಚಾರ್ಜರ್ಸ್ ಪರ ಆಡುತ್ತಿದ್ದ ರೋಹಿತ್ ಶರ್ಮಾ ಮುಂಬೈ ವಿರುದ್ಧ ಹ್ಯಾಟ್ರಿಕ್ ಸಹಿತ 6 ರನ್‌ಗೆ 4 ವಿಕೆಟ್ ಪಡೆದರು. ನಾಯಕ ಬೇರೆ ದಾರಿ ಕಾಣದೆ ಅವರ ಕೈಗೆ ಚೆಂಡು ಕೊಟ್ಟಿದ್ದರಿಂದ ಅವೆಲ್ಲ ನಡೆದವು. ಬ್ಯಾಟರ್‌ಗೂ ಅದು ಪರೀಕ್ಷೆಯೇ ಆಗಿತ್ತು: ಇವನನ್ನು ಈ ಓವರ್‌ನಲ್ಲೇ ಬಾರಿಸಬೇಕು, ಮತ್ತೆ ಸಿಗುವುದಿಲ್ಲ ಎಂಬ ಆಸೆಗೆ ಬಿದ್ದು ಔಟಾಗುತ್ತಿದ್ದರು. ಆ ಆಸೆ, ಆ ಬಲೆ ಎರಡೂ ಈಗ ಅಪರೂಪ.

ಆ ರೋಹಿತ್ ಶರ್ಮಾ ಅವರೇ 2024ರ ಏಪ್ರಿಲ್‌ನಲ್ಲಿ, ಭಾರತದ ನಾಯಕರಾಗಿದ್ದಾಗ, ಈ ನಿಯಮ ತನಗೆ ಅಷ್ಟಾಗಿ ಹಿಡಿಸುವುದಿಲ್ಲ, ಆಲ್‌ರೌಂಡರ್‌ಗಳ ಬೆಳವಣಿಗೆಗೆ ಅಡ್ಡಿ ಎಂದರು. ವಾಷಿಂಗ್ಟನ್ ಸುಂದರ್, ಶಿವಂ ದುಬೆ ಅವರ ಹೆಸರನ್ನೂ ಹೇಳಿದರು. ಸ್ವಲ್ಪ ದಿನಕ್ಕೆ ವಿರಾಟ್ ಕೊಹ್ಲಿಯೂ ಅವರ ಮಾತಿಗೆ ದನಿಗೂಡಿಸಿ, ಬ್ಯಾಟು ಚೆಂಡಿನ ಸಮತೋಲನ ತಪ್ಪುತ್ತಿದೆ ಎಂದರು. ಇಬ್ಬರೂ ಬ್ಯಾಟರ್‌ಗಳು, ಈ ನಿಯಮದಿಂದ ಲಾಭ ಪಡೆಯುವವರು. ರೋಹಿತ್ ಅವರನ್ನು ಮುಂಬೈ 2025ರಲ್ಲಿ ಹಲವು ಪಂದ್ಯಗಳಲ್ಲಿ ಇಂಪ್ಯಾಕ್ಟ್ ಆಟಗಾರನಾಗಿಯೇ ಬಳಸಿತು. ಅದಕ್ಕೆ ಅವರ ಮಾತಿನ ತೂಕ ಕಡಿಮೆಯಾಗುವುದಿಲ್ಲ. ನಿಯಮ ಇರುವಾಗ ತಂಡ ಬಳಸಿಕೊಳ್ಳದೆ ಇರಲಾರದು.

ದುಬೆ ಅವರದು ಕಣ್ಣಿಗೆ ಕಾಣುವ ಉದಾಹರಣೆ. ಚೆನ್ನೈ ಅವರನ್ನು 2024ರಲ್ಲಿ ಋತುವಿಡೀ ಹೊಡೆತಗಾರನಾಗಿ ಬಳಸಿತು, ಬೌಲಿಂಗ್ ಕೊಟ್ಟದ್ದು ಇಲ್ಲವೆನ್ನುವಷ್ಟು ಕಡಿಮೆ. ಅದೇ ವರ್ಷ ಜೂನ್‌ನಲ್ಲಿ ಟಿ20 ವಿಶ್ವಕಪ್‌ಗೆ ಹೋದಾಗ ಭಾರತಕ್ಕೆ ಬೇಕಿದ್ದದ್ದು ಬ್ಯಾಟ್ ಜೊತೆ ಒಂದೆರಡು ಓವರ್ ಹಾಕಬಲ್ಲ ದುಬೆ. ಸುಂದರ್‌ಗೆ ಹೈದರಾಬಾದ್ ಪರ ಆ ಐಪಿಎಲ್‌ನಲ್ಲಿ ಸಿಕ್ಕಿದ್ದು ಎರಡೇ ಪಂದ್ಯ. ಇನ್ನು ಆ ವಿಶ್ವಕಪ್ ಗೆದ್ದುಕೊಟ್ಟವರು ಯಾರು ನೋಡಿ. ಜೂನ್ 29ರ ಬಾರ್ಬಡೋಸ್ ಫೈನಲ್‌ನಲ್ಲಿ 34ಕ್ಕೆ 3 ವಿಕೆಟ್ ಬಿದ್ದಾಗ ಬಡ್ತಿ ಪಡೆದು ಬಂದು 31 ಎಸೆತಗಳಲ್ಲಿ 47 ಹೊಡೆದವರು ಅಕ್ಷರ್ ಪಟೇಲ್. ಕೊನೆಯ ಓವರ್‌ನಲ್ಲಿ 16 ರನ್ ಉಳಿಸಿಕೊಟ್ಟವರು ಹಾರ್ದಿಕ್ ಪಾಂಡ್ಯ. ಅಕ್ಷರ್, ಹಾರ್ದಿಕ್, ಜಡೇಜ ಮೂವರೂ ಇದ್ದುದರಿಂದ ಎಂಟರವರೆಗೆ ಬ್ಯಾಟಿಂಗ್, ಆರು ಜನ ಬೌಲರ್‌ಗಳು ಒಟ್ಟಿಗೆ ಸಿಕ್ಕಿದರು. ಅಂತರರಾಷ್ಟ್ರೀಯ ಪಂದ್ಯದಲ್ಲಿ ಹನ್ನೆರಡನೆಯವನು ಸಿಗುವುದಿಲ್ಲ, ಅಂಥವರೇ ಬೇಕು. ಆ ಮೂವರೂ ಪಳಗಿದ್ದು ಈ ನಿಯಮ ಬರುವ ಮೊದಲಿನ ಐಪಿಎಲ್‌ನಲ್ಲಿ.

ನಿತೀಶ್ ಕುಮಾರ್ ರೆಡ್ಡಿ 2024ರಲ್ಲೇ ಬೆಳಕಿಗೆ ಬಂದರಲ್ಲ ಎಂದು ಯಾರಾದರೂ ಕೇಳಬಹುದು. ಬಂದರು, 303 ರನ್ ಗಳಿಸಿ ಉದಯೋನ್ಮುಖ ಆಟಗಾರ ಪ್ರಶಸ್ತಿಯನ್ನೂ ಪಡೆದರು. ಆದರೆ ಆ ಋತುವಿನಲ್ಲಿ ಅವರು ಪಡೆದ ವಿಕೆಟ್ ಮೂರೇ. ಬ್ಯಾಟಿಂಗ್ ಒಂದರಿಂದಲೇ ಜಾಗ ಗಿಟ್ಟಿಸಿಕೊಳ್ಳಬಲ್ಲವನಿಗೆ ತೊಂದರೆಯಿಲ್ಲ. ಪೆಟ್ಟು ಬೀಳುವುದು ಅರ್ಧ ಬ್ಯಾಟರ್, ಅರ್ಧ ಬೌಲರ್ ಆಗಿರುವವನಿಗೆ. ನಮ್ಮ ಕೃಷ್ಣಪ್ಪ ಗೌತಮ್ ಅವರನ್ನು 2021ರ ಹರಾಜಿನಲ್ಲಿ ಚೆನ್ನೈ 9.25 ಕೋಟಿ ರೂಪಾಯಿಗೆ ಕೊಂಡಿತ್ತು, ಭಾರತಕ್ಕೆ ಆಡದೇ ಇದ್ದವರಲ್ಲಿ ಆಗ ಅದೇ ದಾಖಲೆ. ಆಫ್ ಸ್ಪಿನ್ ಹಾಕಿ ಕೆಳ ಕ್ರಮಾಂಕದಲ್ಲಿ ನಾಲ್ಕು ಸಿಕ್ಸರ್ ಹೊಡೆಯಬಲ್ಲವನಿಗೆ ಅಷ್ಟು ಬೇಡಿಕೆ ಇತ್ತು, ಯಾಕೆಂದರೆ ಒಂದೇ ಜಾಗದಲ್ಲಿ ಎರಡು ಕೆಲಸ ಆಗಬೇಕಿತ್ತು. ಈಗ ಎರಡು ಕೆಲಸಕ್ಕೆ ಇಬ್ಬರನ್ನು ಇಡಬಹುದು.

ನಿಯಮವನ್ನು ಬೆಂಬಲಿಸುವವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಪ್ರತಿ ಪಂದ್ಯದಲ್ಲೂ ಇಬ್ಬರು ಹೆಚ್ಚುವರಿ ಭಾರತೀಯರಿಗೆ ಅವಕಾಶ ಸಿಗುತ್ತದೆ ಎಂದು ಬಿಸಿಸಿಐ ಹೇಳಿದೆ. ಅಶ್ವಿನ್ ಕೂಡ ಬೆಂಬಲಿಸಿದ್ದಾರೆ. ಧ್ರುವ್ ಜುರೆಲ್ 2023ರಲ್ಲಿ ಪಂಜಾಬ್ ವಿರುದ್ಧ ಹೀಗೆ ಬಂದೇ 15 ಎಸೆತಗಳಲ್ಲಿ 32 ಹೊಡೆದು ಗಮನ ಸೆಳೆದರು. 2024ರ ಎರಡನೇ ಕ್ವಾಲಿಫೈಯರ್‌ನಲ್ಲಿ ಶಹಬಾಜ್ ಅಹ್ಮದ್ ಬದಲಿಯಾಗಿ ಬಂದು 18 ರನ್, 23ಕ್ಕೆ 3 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. 2025ರ ಏಪ್ರಿಲ್ 19ರಂದು ಜೈಪುರದಲ್ಲಿ ಹದಿನಾಲ್ಕರ ವೈಭವ್ ಸೂರ್ಯವಂಶಿ ಐಪಿಎಲ್‌ಗೆ ಕಾಲಿಟ್ಟದ್ದು ಇಂಪ್ಯಾಕ್ಟ್ ಆಟಗಾರನಾಗಿ, ಮೊದಲ ಎಸೆತವನ್ನೇ ಸಿಕ್ಸರ್‌ಗಟ್ಟಿ. ಸುಯಶ್ ಶರ್ಮಾ ಕಥೆಯಂತೂ ನಮಗೆ ಹತ್ತಿರದ್ದು. 2023ರ ಏಪ್ರಿಲ್ 6ರಂದು ಈಡನ್‌ನಲ್ಲಿ, ಹಿರಿಯರ ಮಟ್ಟದ ಒಂದೂ ಪಂದ್ಯ ಆಡಿರದ ಈ ಲೆಗ್ ಸ್ಪಿನ್ನರ್‌ನನ್ನು ಕೋಲ್ಕತ್ತ ಆರ್‌ಸಿಬಿ ವಿರುದ್ಧ ಇಳಿಸಿತು, 30ಕ್ಕೆ 3 ಕಿತ್ತು ನಮ್ಮನ್ನು 123ಕ್ಕೆ ಕಟ್ಟಿಹಾಕುವಲ್ಲಿ ಪಾಲು ಪಡೆದ. ಎರಡು ವರ್ಷದ ನಂತರ ಆರ್‌ಸಿಬಿ ಅಂಗಿ ತೊಟ್ಟು, ಪಂಜಾಬ್ ವಿರುದ್ಧದ ಮೊದಲ ಕ್ವಾಲಿಫೈಯರ್‌ನಲ್ಲಿ 17ಕ್ಕೆ 3 ತೆಗೆದು ಫೈನಲ್ ಬಾಗಿಲು ತೆರೆದವನೂ ಅವನೇ.

ಆದರೂ ಈ ಹೆಸರುಗಳನ್ನು ಮತ್ತೊಮ್ಮೆ ನೋಡಿ. ಶಹಬಾಜ್ ಬಿಟ್ಟರೆ ಉಳಿದವರೆಲ್ಲ ಬ್ಯಾಟಿಂಗ್ ಇಲ್ಲವೇ ಬೌಲಿಂಗ್, ತಲಾ ಒಂದೇ ಕಸುಬಿನವರು. ಅವಕಾಶ ಹೆಚ್ಚಾಗಿದ್ದು ನಿಜ, ಯಾವ ಬಗೆಯ ಆಟಗಾರನಿಗೆ ಹೆಚ್ಚಾಯಿತು ಎಂದು ಕೇಳಬೇಕು. ಜೊತೆಗೆ ಬಿಸಿಸಿಐ ತಾನೇ 2024-25ರಿಂದ ಸೈಯದ್ ಮುಷ್ತಾಕ್ ಅಲಿ ದೇಶೀಯ ಟಿ20 ಟೂರ್ನಿಯಲ್ಲಿ ಈ ನಿಯಮವನ್ನು ಕೈಬಿಟ್ಟಿದೆ, ಅದು ಮೊದಲು ಶುರುವಾದದ್ದೇ 2022ರಲ್ಲಿ ಅಲ್ಲಿ. ಈಗ ದೇಶೀಯ ಟಿ20ಯಲ್ಲಿ ಹನ್ನೊಂದು, ಅಂತರರಾಷ್ಟ್ರೀಯ ಟಿ20ಯಲ್ಲಿ ಹನ್ನೊಂದು, ನಡುವಿನ ಐಪಿಎಲ್‌ನಲ್ಲಿ ಮಾತ್ರ ಹನ್ನೆರಡು. ರಾಜ್ಯಕ್ಕೆ ಎರಡು ಓವರ್ ಹಾಕಿ ಆರನೇ ಕ್ರಮಾಂಕದಲ್ಲಿ ಆಡಿದ ಹುಡುಗ ಐಪಿಎಲ್‌ಗೆ ಬಂದು ಎರಡು ತಿಂಗಳು ಚೆಂಡು ಮುಟ್ಟದೆ, ಮತ್ತೆ ಭಾರತ ತಂಡಕ್ಕೆ ಹೋಗಿ ಬೌಲಿಂಗ್ ಮಾಡಬೇಕು. ಈ ವ್ಯವಸ್ಥೆಗೆ ಯಾವ ಸಮರ್ಥನೆಯೂ ನನಗೆ ಕಾಣುತ್ತಿಲ್ಲ.

ಅರ್ಧ ಫಿಟ್ ಇರುವವರನ್ನು ಆಡಿಸುವುದು ಇನ್ನೊಂದು ಬಳಕೆ. 2023ರ ಏಪ್ರಿಲ್ 20ರಂದು ಮೊಹಾಲಿಯಲ್ಲಿ ಪಕ್ಕೆಲುಬಿನ ನೋವಿದ್ದ ಫಾಫ್ ಡುಪ್ಲೆಸಿ ಫೀಲ್ಡಿಂಗ್ ಮಾಡುವ ಸ್ಥಿತಿಯಲ್ಲಿರಲಿಲ್ಲ. ಟಾಸ್‌ಗೆ ಬಂದ ಕೊಹ್ಲಿ ಅದನ್ನು ಅಲ್ಲೇ ಹೇಳಿದರು. ಫಾಫ್ 84 ಹೊಡೆದು ಕೂತರು, ನಮ್ಮ ವೈಶಾಖ್ ವಿಜಯಕುಮಾರ್ ಅವರ ಜಾಗಕ್ಕೆ ಬಂದರು, ಆರ್‌ಸಿಬಿ 24 ರನ್‌ಗಳಿಂದ ಗೆದ್ದಿತು. 2025ರ ಮೊದಲ ಮೂರು ಪಂದ್ಯಗಳಲ್ಲಿ ಬೆರಳಿನ ಗಾಯದ ಸಂಜು ಸ್ಯಾಮ್ಸನ್ ಬ್ಯಾಟಿಂಗ್ ಮಾತ್ರ ಮಾಡಿದರು, ರಿಯಾನ್ ಪರಾಗ್ ರಾಜಸ್ಥಾನವನ್ನು ಮುನ್ನಡೆಸಿದರು. ಅಭಿಮಾನಿಯಾಗಿ ಫಾಫ್ ಆಟ ನೋಡಿ ಖುಷಿಪಟ್ಟದ್ದು ಹೌದು. ಆದರೆ ಕ್ಷೇತ್ರರಕ್ಷಣೆ ಮಾಡಲಾಗದವನು ಪಂದ್ಯಕ್ಕೆ ಸಿದ್ಧನಿಲ್ಲ ಎಂಬುದು ಈ ಆಟದ ಮೂಲ ಷರತ್ತು, ಅದನ್ನು ಸಡಿಲಿಸಬಾರದಿತ್ತು.

ಲೆಕ್ಕ ತಪ್ಪಿದಾಗ ಮಾತ್ರ ಈ ನಿಯಮ ಏನಾಗಬಹುದಿತ್ತು ಎಂಬುದರ ಸುಳಿವು ಸಿಗುತ್ತದೆ. ಮೊದಲು ಬ್ಯಾಟಿಂಗ್ ಮಾಡುವ ತಂಡ ಬೌಲರ್‌ನನ್ನು ನಂತರಕ್ಕೆ ಕಾಯ್ದಿಟ್ಟಿರುತ್ತದೆ. ಪವರ್‌ಪ್ಲೇಯಲ್ಲೇ ನಾಲ್ಕು ವಿಕೆಟ್ ಬಿದ್ದರೆ ಆ ಯೋಜನೆ ಹರಿದುಹೋಗಿ, ಹೆಚ್ಚುವರಿ ಬ್ಯಾಟರ್‌ನನ್ನು ಕರೆಯಬೇಕೋ, ಬೌಲರ್‌ಗಾಗಿ ತಡೆಯಬೇಕೋ ಎಂಬ ಇಕ್ಕಟ್ಟು. ಮೊದಲ ಕ್ವಾಲಿಫೈಯರ್‌ನಲ್ಲಿ 2025ರಲ್ಲಿ ಪಂಜಾಬ್ ಕುಸಿದಾಗ ಮುಶೀರ್ ಖಾನ್ ಅವರನ್ನು ಇಳಿಸಿತು. ಅವರು ಸೊನ್ನೆಗೆ ಸುಯಶ್‌ಗೆ ಬಲಿಯಾದರು, ತಂಡ 101ಕ್ಕೆ ಆಲೌಟ್, ಆರ್‌ಸಿಬಿ ಹತ್ತೇ ಓವರ್‌ನಲ್ಲಿ ಆಟ ಮುಗಿಸಿತು. ಅದಕ್ಕೂ ಒಂದು ತಿಂಗಳಿಗಿಂತ ಹೆಚ್ಚು ಮೊದಲು ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ, ಮಳೆಯಿಂದ 14 ಓವರ್‌ಗೆ ಇಳಿದ ಪಂದ್ಯದಲ್ಲಿ, ಇದೇ ಇಕ್ಕಟ್ಟು ರಜತ್ ಪಾಟೀದಾರ್‌ಗೆ ಬಂದಿತ್ತು. ವಿಕೆಟ್‌ಗಳು ಉದುರುತ್ತಿದ್ದಾಗ ಆರ್‌ಸಿಬಿ ಇಂಪ್ಯಾಕ್ಟ್ ಆಟಗಾರನಾಗಿ ಮನೋಜ್ ಭಾಂಡಗೆಯನ್ನು ಕಳಿಸಿತು, ಅವರು 1 ರನ್‌ಗೆ ಔಟ್. 42ಕ್ಕೆ 7 ಆದ ಮೇಲೆ ಟಿಮ್ ಡೇವಿಡ್ 26 ಎಸೆತಗಳಲ್ಲಿ 50 ಹೊಡೆದು 95ಕ್ಕೆ ಮುಟ್ಟಿಸಿದರು, ಸಾಲಲಿಲ್ಲ.

2027ರ ನಂತರ ಇದನ್ನು ಪೂರ್ತಿ ತೆಗೆದುಹಾಕಬೇಕು ಎಂಬುದು ನನ್ನ ನಿಲುವು. ಬೌಲರ್‌ಗಳಿಗೆ ನೆರವಾಗುವ ಚಿಕ್ಕ ಬದಲಾವಣೆಗಳನ್ನು ಐಪಿಎಲ್ ಚೆನ್ನಾಗಿಯೇ ಮಾಡಿದೆ. 2024ರಿಂದ ಓವರ್‌ಗೆ ಎರಡು ಬೌನ್ಸರ್, 2025ರಿಂದ ರಾತ್ರಿ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ಹತ್ತನೇ ಓವರ್ ನಂತರ ಇಬ್ಬನಿಗೆ ನೆನೆದ ಚೆಂಡು ಬದಲಿಸುವ ಅವಕಾಶ, ಎಂಜಲು ಹಚ್ಚಲು ಅನುಮತಿ. ಆ ಚಿಂತನೆ ಇರುವವರಿಗೆ ಇದು ಅರ್ಥವಾಗದ್ದೇನಲ್ಲ. ಪೂರ್ತಿ ತೆಗೆಯಲು ಮನಸ್ಸಿಲ್ಲದಿದ್ದರೆ ಒಂದೇ ಸಾಲು ತಿದ್ದಿದರೆ ಸಾಕು: ಹೊರಹೋಗುವವನು ಇನ್ನೂ ಬ್ಯಾಟ್ ಹಿಡಿದಿರಬಾರದು, ಒಂದು ಓವರ್‌ಗಿಂತ ಹೆಚ್ಚು ಬೌಲಿಂಗ್ ಮಾಡಿರಬಾರದು. ಆಸ್ಟ್ರೇಲಿಯಾದ ಬಿಗ್ ಬ್ಯಾಷ್‌ನಲ್ಲಿ 2020-21ರಿಂದ ಎರಡು ಋತು ಎಕ್ಸ್-ಫ್ಯಾಕ್ಟರ್ ಎಂಬ ಹೆಸರಲ್ಲಿ ಇಂಥದ್ದೇ ಷರತ್ತಿತ್ತು, ಮೊದಲ ಇನಿಂಗ್ಸ್‌ನ ಹತ್ತನೇ ಓವರ್ ಆದ ಮೇಲೆ ಬದಲಾವಣೆ. ತಂಡಗಳು ಹೆಚ್ಚು ಬಳಸಲಿಲ್ಲವೆಂದು ಅದನ್ನು ಕೈಬಿಟ್ಟರು. ಹೆಚ್ಚು ಬಳಸದಿರುವುದು ನನಗೆ ದೋಷವಾಗಿ ಕಾಣುವುದಿಲ್ಲ. ಅಗತ್ಯ ಬಿದ್ದಾಗ, ಬೆಲೆ ತೆತ್ತು ಬಳಸುವಂತಿದ್ದರೆ ಅದು ತಂತ್ರ. ಬದಲಿಗಳ ಪಟ್ಟಿಯನ್ನೂ ಐದರಿಂದ ಎರಡಕ್ಕೆ ಇಳಿಸಬೇಕು. ಗಾಯಾಳುವಿನ ವಿಷಯಕ್ಕೆ ಬೇರೆಯೇ ನಿಯಮ ಬರೆಯಲಿ, ವೈದ್ಯರ ಒಪ್ಪಿಗೆಯೊಂದಿಗೆ.

ಈ ತಿದ್ದುಪಡಿ ಇದ್ದರೆ 84 ಹೊಡೆದ ಫಾಫ್ ಜಾಗಕ್ಕೆ ವೈಶಾಖ್ ಬರುವಂತಿರಲಿಲ್ಲ, ರಾಯುಡು ಜಾಗಕ್ಕೆ ತುಷಾರ್ ಕೂಡ. ಏಪ್ರಿಲ್ 18ರ ಆ ಮಳೆಯ ರಾತ್ರಿ ಮಾತ್ರ ಬದಲಾವಣೆಗೆ ದಾರಿ ತೆರೆದೇ ಇರುತ್ತಿತ್ತು. ಆಗ ಪಾಟೀದಾರ್ ಇನ್ನೂ ಆಡದೆ ಉಳಿದಿದ್ದ ಬಾಲದ ಬೌಲರ್‌ಗಳಲ್ಲಿ ಒಬ್ಬನನ್ನು ಬಿಟ್ಟುಕೊಟ್ಟೇ ಬ್ಯಾಟರ್ ತರಬೇಕಾಗುತ್ತಿತ್ತು. 95 ರನ್ ಉಳಿಸಿಕೊಳ್ಳಲು ಹೊರಟಾಗ ಆ ಬೌಲರ್‌ನ ಓವರ್‌ಗಳನ್ನು ಯಾರ ಕೈಗೆ ಕೊಡುವುದು ಎಂದು ಅವರು ಮೈದಾನದ ನಡುವೆ ನಿಂತು ಲೆಕ್ಕ ಹಾಕಬೇಕಾಗುತ್ತಿತ್ತು.